ಕಿಟಕಿಯವರೆಗೆ

"ಅಪ್ಪಾ, ಟೀಪಾಯಿನೂ ಒಳಗಿಟ್ಬಿಡು" ಎಂದಳು ಚೂಟಿ.

ಅಪ್ಪ ಟೀಪಾಯಿ ಎತ್ತಿಕೊಂಡು ಕೋಣೆಗೆ ಹೋದ. ಸೋಫಾ ಆಗಲೇ ಗೋಡೆಗೆ ಅಂಟಿ ಕೂತಿತ್ತು. ಮರದ ಕುರ್ಚಿಗಳೂ ಒಂದು ಪ್ಲಾಸ್ಟಿಕ್ ಕುರ್ಚಿಯೂ ಮೂಲೆ ಸೇರಿದ್ದವು. ಕಾಲಿಗೆ ಸಿಕ್ಕುವ ಚಾಪೆಯನ್ನೂ ಸುತ್ತಿಟ್ಟಾಗಿತ್ತು. ಚೂಟಿ ಬಾಗಿಲಿನಿಂದ ಕಿಟಕಿಯವರೆಗೆ ಒಮ್ಮೆ ಓಡಿ ನೋಡಿದಳು. ಎಲ್ಲೂ ಏನೂ ತಗಲಲಿಲ್ಲ.

ಇದೆಲ್ಲ ಅಜ್ಜಿಗಾಗಿ. ಮಂಡಿಯ ಆಪರೇಷನ್ ಆದಮೇಲೆ ಅಜ್ಜಿ ಒಂದು ತಿಂಗಳು ಅತ್ತೆಯ ಮನೆಯಲ್ಲಿದ್ದು ಇವತ್ತು ವಾಪಸ್ ಬರುವವಳಿದ್ದಳು. ದಿನವೂ ನಡೆಯಬೇಕು, ಇಲ್ಲದಿದ್ದರೆ ಮಂಡಿ ಬಿಗಿದುಕೊಳ್ಳುತ್ತದೆ, ದಾರಿಯಲ್ಲಿ ಎಡವುವಂಥದ್ದೇನೂ ಇರಬಾರದು ಎಂದು ಡಾಕ್ಟರ್ ಹೇಳಿದ್ದರು.

ಅಜ್ಜಿ ಬಂದು ಹಾಲ್ ನೋಡಿ, ಆಟದ ಮೈದಾನವನ್ನೇ ಮಾಡಿದ್ದೀಯಲ್ಲ ಎಂದು ನಕ್ಕಳು. ಆದರೆ ನಡೆಯಲಿಲ್ಲ. ಸುಸ್ತಾಗಿರಬೇಕು ಎಂದುಕೊಂಡಳು ಚೂಟಿ.

ಮರುದಿನ ಅಜ್ಜಿ ಕೋಲು ಹಿಡಿದು ಎರಡು ಹೆಜ್ಜೆ ಇಟ್ಟು ನಿಂತಳು. ಕಿಟಕಿಯ ಕಡೆ ನೋಡಿದಳು. ಆಮೇಲೆ ಗೋಡೆ ಹಿಡಿದುಕೊಂಡು ಹಾಸಿಗೆಗೆ ಹೋದಳು. ಮೂರನೆಯ ದಿನವೂ ಹಾಗೇ ಆಯಿತು.

ಅತ್ತೆ ಫೋನಿನಲ್ಲಿ ಆಶ್ಚರ್ಯಪಟ್ಟಳು. ಅವರ ಮನೆಯಲ್ಲಿ ಅಜ್ಜಿ ಬೆಳಿಗ್ಗೆ ಸಂಜೆ ನಡೆಯುತ್ತಿದ್ದಳಂತೆ. ಚೂಟಿಗೆ ತಲೆಬುಡ ತಿಳಿಯಲಿಲ್ಲ. ಅತ್ತೆಯ ಮನೆಯಲ್ಲಿ ಫ್ರಿಜ್ ದಾಟಬೇಕಾದರೆ ಹೊಟ್ಟೆ ಒಳಗೆ ಎಳೆದುಕೊಳ್ಳಬೇಕು. ಅಲ್ಲಿ ನಡೆದ ಅಜ್ಜಿ ಇಲ್ಲೇಕೆ ನಡೆಯುವುದಿಲ್ಲ?

"ಅಜ್ಜಿ, ನನ್ಮೇಲೆ ಕೋಪಾನಾ?"

"ನಿನ್ಮೇಲೆ ಯಾಕೆ ಕೋಪ? ಕಾಲು ಏಳ್ತಿಲ್ಲ ಕಣೇ, ಅಷ್ಟೇ."

ಚೂಟಿಯ ಗೊಂದಲ ಇನ್ನೂ ಹೆಚ್ಚಾಯಿತು. ಏಳುತ್ತಿಲ್ಲ ಎಂದರೆ ನೋವೇ? ಕೇಳಿದರೆ ನೋವಿಲ್ಲ ಅನ್ನುತ್ತಾಳೆ.

ಭಾನುವಾರ ಮಧ್ಯಾಹ್ನ ಅಜ್ಜಿ ಮಲಗಿದ್ದಾಗ ಚೂಟಿ ಅವಳ ಕೋಲು ತೆಗೆದುಕೊಂಡಳು. ಒಂದು ಕಾಲನ್ನು ಮಡಚದೆ, ಅಜ್ಜಿಯ ಹಾಗೆಯೇ ಹೊರಟಳು. ಹಾಲ್‌ನ ನಡುವೆ ಬಂದಾಗ ಕೋಲು ಸ್ವಲ್ಪ ಜಾರಿತು. ಅವಳ ಎಡಗೈ ತಾನಾಗಿಯೇ ಪಕ್ಕಕ್ಕೆ ಚಾಚಿಕೊಂಡಿತು.

ಕೈಗೆ ಏನೂ ಸಿಗಲಿಲ್ಲ.

ಕಿಟಕಿ ಎಷ್ಟೋ ದೂರ ಕಂಡಿತು. ಹಿಂದಿನ ಗೋಡೆಯೂ ಅಷ್ಟೇ ದೂರವಿತ್ತು. ಚೂಟಿ ಕೈಯನ್ನು ಹಾಗೇ ಚಾಚಿಕೊಂಡು ಸ್ವಲ್ಪ ಹೊತ್ತು ನಿಂತಳು. ಅತ್ತೆಯ ಮನೆಯಲ್ಲಿ ಫ್ರಿಜ್ ಬಿಟ್ಟರೆ ಟೇಬಲ್, ಟೇಬಲ್ ಬಿಟ್ಟರೆ ಸೋಫಾದ ಬೆನ್ನು ಕೈಗೆ ಸಿಗುತ್ತಿತ್ತು.

ಅವಳು ಮೂಲೆಗೆ ಹೋಗಿ ಮೊದಲು ಪ್ಲಾಸ್ಟಿಕ್ ಕುರ್ಚಿ ತಂದಳು. ಒರಗಿದರೆ ಅದು ಸರ್ರನೆ ಜಾರಿತು. ಅದನ್ನು ವಾಪಸ್ ಇಟ್ಟು, ಮೂರು ಭಾರದ ಮರದ ಕುರ್ಚಿಗಳನ್ನೇ ಎಳೆದು ತಂದಳು. ಒಂದನ್ನು ಬಿಡುವ ಮೊದಲೇ ಇನ್ನೊಂದು ಕೈಗೆ ಸಿಗುವಷ್ಟು ದೂರದಲ್ಲಿ ಸಾಲಾಗಿ ಇಟ್ಟಳು. ಕೋಲಿನ ಕಡೆ ಜಾಗ ಖಾಲಿ ಬಿಟ್ಟಳು.

ಸಂಜೆ ಅಜ್ಜಿ ಎದ್ದು ಬಂದು ಕುರ್ಚಿಗಳನ್ನು ನೋಡಿದಳು. ಚೂಟಿಯನ್ನೂ ನೋಡಿದಳು. ಮೊದಲ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟಳು. ಆಮೇಲೆ ಎರಡನೆಯದು. ಚೂಟಿ ಓಡಿ ಹತ್ತಿರ ಹೋದಳು.

"ನೀನು ಬೇಡ, ದೂರ ನಿಲ್ಲು" ಎಂದಳು ಅಜ್ಜಿ.

ಕಿಟಕಿ ಮುಟ್ಟಿದಮೇಲೆ ಅಜ್ಜಿ ಚಿಲಕ ತೆಗೆದು, ಬೀದಿ ನೋಡುತ್ತಾ ನಿಂತಳು.

ಅಷ್ಟರಲ್ಲಿ ಅಪ್ಪ ಹೊರಗಿನಿಂದ ಬಂದ. "ಯಾರು ಇವನ್ನೆಲ್ಲ ಮಧ್ಯಕ್ಕೆ ಎಳೆದಿದ್ದು? ದಾರಿಗೆ ಅಡ್ಡ ಅಲ್ವಾ?" ಎನ್ನುತ್ತಾ ಒಂದು ಕುರ್ಚಿ ಎತ್ತಲು ಬಗ್ಗಿದ.

ಚೂಟಿ ಹೋಗಿ ಅದರ ಮೇಲೆ ಕೂತುಬಿಟ್ಟಳು.

"ಇರ್ಲಿ ಅಪ್ಪ" ಎಂದಳು ಮೆಲ್ಲಗೆ. "ನೀನೇ ಪಕ್ಕದಿಂದ ಸುತ್ಕೊಂಡು ಬಾ."