ಮಲಕಮ್ಮನ ಹುಟ್ಟಿದ ದಿನದ ಸಾವಿನ ಸುದ್ದಿ

“ಮೇಡಂ, ನಮ್ಮವ್ವ ಸತ್ತಿಲ್ರೀ. ನೋಡ್ರಿ, ಇಲ್ಲೇ ನಿಂತಾಳ.”

ಉಮರ್ಗಾದ ತನ್ನ ಸಂಗೀತ ಕ್ಲಾಸಿನ ಬಾಗಿಲಲ್ಲಿ ಸಿದ್ದರಾಮನನ್ನು ಕಂಡು ಸುಗಂಧಾ ಎದ್ದು ನಿಂತಳು. ಅವನ ಪಕ್ಕದಲ್ಲಿ ಹಣೆ ತುಂಬ ಭಂಡಾರದ ಅರಿಷಿಣ ಬಳಿದುಕೊಂಡ ಮಲಕಮ್ಮ ನಗುತ್ತಿದ್ದಳು.

ಉಮರ್ಗಾ, ನಿಲಂಗಾ, ಉದಗೀರದ ಹಾಡುಪ್ರಿಯರ ವಾಟ್ಸಾಪ್ ಗ್ರೂಪಿಗೆ ಸುಗಂಧಾ ದಿನಾ ಬೆಳಿಗ್ಗೆ ಒಂದು ವಾಯ್ಸ್ ಮೆಸೇಜ್ ಕಳಿಸುವಳು: ಸಂಗೀತಲೋಕದಲ್ಲಿ ಈ ದಿನ ಯಾರು ಹುಟ್ಟಿದರು, ಯಾರು ತೀರಿಕೊಂಡರು. ಇಂದು ಹೇಳಿದ್ದಳು: “ನಿಲಂಗಾದ ಸಾರಂಗಿ ಮನ್ಮಥಪ್ಪ ಹುಟ್ಟಿದ ದಿನ. ಉದಗೀರದ ಉಮಾಬಾಯಿ ಮೊದಲ ಸಲ ಮೈಕ್ ಮುಂದ ಭಜನಿ ಹಾಡಿದ ದಿನ. ಮುರುಮದ ಬೀರಪ್ಪ ದೇವರ ಪದಗಾರ್ತಿ ಮಲಕಮ್ಮ ನಮ್ಮನ್ನಗಲಿದ ದಿನ.”

ಆ ಗ್ರೂಪಿನಲ್ಲೇ ಇದ್ದ ಮುರುಮದ ಸಿದ್ದರಾಮ ನಿನ್ನೆ ತಾಯಿಯ ಫೋಟೋ ಕಳಿಸಿ, ‘ನಾಳಿ ನಮ್ಮವ್ವನ ದಿನ’ ಎಂದಷ್ಟೇ ಬರೆದಿದ್ದ. ಫೋಟೋದ ಚೌಕಟ್ಟಿಗೆ ಚೆಂಡುಹೂವಿನ ಹಾರವಿತ್ತು. ಕಂಡವಳು ಮತ್ತೇನು ತಿಳಿದಾಳು?

“ಸವಾಲ್ ಪದದ ಪಂದ್ಯಾದಾಗ ಗೆದ್ದಾಗ ನನಗ ಹಾಕಿದ ಹಾರವ್ವಾ ಅದು,” ಎಂದಳು ಮಲಕಮ್ಮ. “ಬೀರಪ್ಪನ ಗುಡಿ ಹೂವು, ತುಳಿಯೋ ಜಾಗಾದಾಗ ಒಗೀಬಾರ್ದು. ಬ್ಯಾರೆ ಮೊಳಿ ಇರ್ಲಿಲ್ಲ, ನನ್ನ ಫೋಟೋಕ್ಕೇ ಹಾಕಿಬಿಟ್ಟೆ. ಇಂವಾ ‘ಹುಟ್ಟಿದ ದಿನ’ ಅಂತ ಬರಿಯೂದು ಬಿಟ್ಟು ಬರೇ ‘ದಿನ’ ಅಂತ ಬರದಾನ. ಮುಂಜಾನಿ ದೂರದ ಬೀಗರೆಲ್ಲಾ ಅಳಕೋತ ಬಂದ್ರು. ನಾನೇ ಚಹಾ ಮಾಡಿ ಕೊಟ್ಟೀನಿ!”

ಸುಗಂಧಾಗೆ ನಗು ಬರಲಿಲ್ಲ. ಕಾಲು ಮುಟ್ಟಿದಳು. “ತಪ್ಪಾತ್ರಿ ಆಯಿ. ನಾಳಿಂದ ಇದನ್ನ ಬಂದ್ ಮಾಡ್ತೀನಿ.”

“ಬ್ಯಾಡ್ರಿ!” ಸಿದ್ದರಾಮನ ದನಿ ಏರಿತು. ಮರುಕ್ಷಣವೇ ಕಿವಿ ಕೆಂಪಾದವು. “ಕುರಿ ಬಿಡೂಕಿಂತ ಮೊದಲ ನಿಮ್ಮ ದನಿ ಕೇಳ್ತೀನ್ರಿ. ಅದಿಲ್ದ ನನಗ ಹೊತ್ತೇ ಹೊಂಡಂಗಿಲ್ಲ.”

ಅವಳು ತಲೆಯೆತ್ತಿದಳು. ಅವನ ನೋಟ ನೆಲಕ್ಕಿಳಿಯಿತು. ಕದ್ದು ಮತ್ತೆ ಮೇಲೇರಿತು.

“ಇಷ್ಟು ಹೇಳ್ಲಿಕ್ಕ ನನ್ನ ನೆವಾ ಮಾಡಿ ಬಸ್ ಹತ್ಯಾನ ಇಂವಾ,” ಎಂದು ಮಲಕಮ್ಮ ಮಗನನ್ನು ತಿವಿದಳು. ಆಮೇಲೆ ಸುಗಂಧಾಳ ಗಲ್ಲ ಹಿಡಿದಳು. “ಸತ್ತ ಸುದ್ದಿ ಸುಳ್ಳಾದ್ರ ಆಯುಷ್ಯ ಬೆಳೀತದಂತಾರವ್ವಾ. ನಿನ್ನಿಂದ ನನಗ ಆಯುಷ್ಯ ಬಂತು. ಬೀರಪ್ಪ ನಿನ್ನ ತಂಪಾಗಿಡ್ಲಿ.”

ಬೈಗುಳಕ್ಕೆ ತಲೆಯೊಡ್ಡಿದವಳಿಗೆ ಹರಕೆ ಸಿಕ್ಕಿತ್ತು. ಸುಗಂಧಾಳ ಕಣ್ಣು ತುಂಬಿದವು. ಇಂಥ ತಾಯಿಯನ್ನು ಉಳಿಸಿಕೊಟ್ಟ ದೇವರಿಗೆ ಮನಸ್ಸಿನಲ್ಲೇ ಕೈಮುಗಿದಳು.

“ಆಯಿ, ನಿಮ್ಮ ಪದಾ ಕಲೀಬೇಕ್ರಿ. ಮುರುಮಕ್ಕ ಬರ್ಲ್ಯಾ?”

“ಬಾರವ್ವಾ. ಆದ್ರ ಬೀರಪ್ಪನ ಪದಾ ಲಗೂನ ಮುಗಿಯಂಗಿಲ್ಲ. ಒಂದು ಜನ್ಮ ಹಿಡೀತದ.”

ಸುಗಂಧಾ ಸಿದ್ದರಾಮನತ್ತ ನೋಡಿದಳು. ಈ ಸಲ ಅವನೂ ನೋಟ ಇಳಿಸಲಿಲ್ಲ.

“ಹಿಡೀಲ್ರಿ,” ಎಂದಳು. “ಇರ್ತೀನಿ.”