ಸೀಮೆಸುಣ್ಣ ತೋರಿಸಿದ ಜಾಗ

"ಏನ್ ಸರ್, ಬಾಯಿಲ್ವಾ ನಿಮಗೆ?"

ಸಂಜೆಯ ಇಂಗ್ಲಿಷ್ ತರಗತಿಗೆ ಬಂದ ಮೊದಲ ದಿನವೇ ನರ್ಸಮ್ಮ ಮೇಷ್ಟರ ಮೇಲೆ ಹರಿಹಾಯ್ದಿದ್ದಳು!

ಪಾಪ, ಅವಳನ್ನೂ ಅನ್ನುವಂತಿಲ್ಲ. ಆಸ್ಪತ್ರೆಯ ಗಂಟಲಿನ ವಾರ್ಡಿನಲ್ಲಿ ಹಗಲೆಲ್ಲ ದುಡಿದು ಓಡೋಡಿ ಬಂದವಳಿಗೆ ಅವನು 'ಬನ್ನಿ' ಎಂದೂ ಅನ್ನಲಿಲ್ಲ. ಸೀಮೆಸುಣ್ಣದ ತುದಿಯಿಂದ ನೆಲದ ಮೇಲೊಂದು ಜಾಗ ತೋರಿಸಿದ, ಅಷ್ಟೇ.

ಅವನ ಪಾಠದ ರೀತಿಯೇ ಹಾಗೆ. ಹೇಳುವುದನ್ನೆಲ್ಲ ಕರಿಹಲಗೆಯ ಮೇಲೆ ಬರೆಯುವುದು. ಆಮೇಲೆ ಒಬ್ಬೊಬ್ಬರ ಕೈಗೆ ಒಂದೊಂದು ಪದ ಕೊಟ್ಟು ಸಾಲಾಗಿ ನಿಲ್ಲಿಸುವುದು. ಎಡಕ್ಕೆ ಕರ್ತೃ, ನಡುವೆ ಕ್ರಿಯಾಪದ, ಬಲಕ್ಕೆ ಕರ್ಮ. ಇವಳ ಪಾಲಿಗೆ ಯಾವಾಗಲೂ ಕ್ರಿಯಾಪದವೇ. ಹುಟ್ಟಿನಿಂದ ಬಂದ ಕನ್ನಡದ ರೂಢಿ ನೋಡಿ, ಸೀದಾ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಿದ್ದಳು.

"ನರ್ಸಮ್ಮ, ನಮ್ಮಲ್ಲಿ ಹಣ್ಣು ಕೈಗೆ ಬಂದ್ಮೇಲೆ ತಿನ್ನೋದು. ಇಂಗ್ಲಿಷಿನವ್ರು ಮೊದ್ಲು ತಿಂದ್ಬಿಡ್ತಾರೆ, ಹಣ್ಣು ಆಮೇಲೆ!" ಎಂದು ಜೊತೆಗೆ ಕಲಿಯುತ್ತಿದ್ದ ಟೈಲರಣ್ಣ ನಗಿಸುತ್ತಿದ್ದ.

ಮೇಷ್ಟರ ತುಟಿಯಲ್ಲೂ ನಗು. ಅವನು ಅವಳ ಉಡುಪಿನ ತೋಳಿನ ಅಂಚು ಹಿಡಿದು ನಡುವೆ ತಂದು ನಿಲ್ಲಿಸುತ್ತಿದ್ದ. ಆ ಮೌನದ ನಗು ಕಂಡರೆ ಅವಳ ಎದೆ ಝಲ್ಲೆನ್ನುತ್ತಿತ್ತು. ಆದರೆ ಮಾತು?

'ಬಾಯಿ ಬಿಟ್ರೆ ಮುತ್ತು ಉದುರುತ್ತಾ ಇವನಿಗೆ? ಒಂದೇ ಒಂದು ಮಾತಾಡಬಾರದಾ ನನ್ನ ಹತ್ರ...'

ಒಂದು ಸಂಜೆ ಇಡೀ ಸಾಲನ್ನು ಅವಳೇ ಸರಿಯಾಗಿ ನಿಲ್ಲಿಸಿದಳು. 'ಭೇಷ್' ಅನ್ನುತ್ತಾನೇನೋ ಎಂದು ಆಸೆಯಿಂದ ನೋಡಿದಳು. ಅವನು ಸೀಮೆಸುಣ್ಣದಿಂದ ಹಲಗೆಯ ಮೇಲಿನ ಮುಂದಿನ ವಾಕ್ಯವನ್ನು ತಟ್ಟಿದ, ಅಷ್ಟೇ!

"ಮಾತಾಡ್ಸೋಕೂ ಲಾಯಕ್ಕಿಲ್ವಾ ನಾನು? ನಾಳೆಯಿಂದ ಬರಲ್ಲ!"

ಅವನು ಬಾಯಿ ತೆರೆದಿದ್ದ. ಹೊರಟವಳು ತಿರುಗಿ ನೋಡಲಿಲ್ಲ.

ಕೆಲವು ದಿನಗಳ ನಂತರ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಅವನಿದ್ದ. ಗಂಟಲಿನ ಕ್ಯಾನ್ಸರ್. ಮರುದಿನ ಬೆಳಿಗ್ಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯುವವರಿದ್ದರು.

ಅವಳು ಕೇಸ್ ಶೀಟನ್ನು ಎರಡೆರಡು ಸಲ ಓದಿದಳು. ದಿನವೂ ಇಂಥ ಗಂಟಲುಗಳನ್ನೇ ನೋಡುವವಳು, ಕಣ್ಣೆದುರಿನ ಕಾಯಿಲೆಯನ್ನು ಕೊಬ್ಬು ಅಂದುಕೊಂಡಿದ್ದಳಲ್ಲ!

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ... ರೋಗಿ ಥರ ನೋಡ್ತಿದ್ರಿ. ಬೈತಿದ್ರಲ್ಲ... ಅದೇ ಚೆನ್ನಾಗಿತ್ತು."

ಒಡೆದ, ಗೊಗ್ಗರು ಧ್ವನಿ. ಅವಳು ಅದನ್ನು ಕೇಳಿದ್ದು ಅದೇ ಮೊದಲು.

"ಮಾತಾಡ್ಬೇಡಿ. ನೋವಾಗುತ್ತೆ."

"ನಾಳೆ ಈ ಧ್ವನಿ ಇರಲ್ವಲ್ಲ... ಇದಕ್ಕೇ ಉಳಿಸಿಟ್ಕೊಂಡಿದ್ದೆ." ಕಷ್ಟಪಟ್ಟು ಉಗುಳು ನುಂಗಿದ. "ನೀವಂದ್ರೆ ನಂಗೆ ಪ್ರಾಣ."

ಅವಳು ಮಂಚದ ಕಂಬಿ ಹಿಡಿದು ಬಿಕ್ಕಿಬಿಕ್ಕಿ ಅತ್ತಳು.

"ನಂಗೂ... ಇನ್ನೊಂದ್ಸಲ ಹೇಳಿ."

ಅವನು ಹೇಳಿದ. ಈ ಸಲ ಅರ್ಧಕ್ಕೇ ಧ್ವನಿ ನಿಂತುಹೋಯಿತು.

ಆಪರೇಷನ್ ಮುಗಿದು ಎಚ್ಚರವಾದಾಗ ಅವನ ಕುತ್ತಿಗೆಯಲ್ಲಿ ಕೊಳವೆಯಿತ್ತು. ತುಟಿ ಅಲುಗಿತು, ಸದ್ದು ಬರಲಿಲ್ಲ. ಕಣ್ಣಂಚಿನಿಂದ ನೀರು ದಿಂಬಿಗಿಳಿಯಿತು. ಬಾಗಿಲಲ್ಲಿದ್ದ ಅವಳನ್ನು ಕಂಡು ಮೆಲ್ಲಗೆ ಕೈಯೆತ್ತಿ, ಮಂಚದ ಪಕ್ಕದ ನೆಲವನ್ನು ಬೆರಳಿನಿಂದ ತೋರಿಸಿದ.

ಈ ಸಲ ಅವಳು ಜಗಳವಾಡಲಿಲ್ಲ. ಬಂದು ಅಲ್ಲೇ ನಿಂತಳು.

"ಇಲ್ಲೇನಾ?"

ಕಣ್ಣು ಮುಚ್ಚಿ ತೆರೆದ.

"ಎಲ್ಲೀವರೆಗೆ ನಿಂತಿರ್ಲಿ?"

ಬೆರಳು ಕೆಳಗಿಳಿಯಲಿಲ್ಲ.

"ಸರಿ ಬಿಡಿ," ಎಂದು ಕಣ್ಣೊರೆಸಿಕೊಂಡಳು. "ಇನ್ಮೇಲೆ ಇಬ್ರ ಮಾತೂ ನಾನೇ ಆಡ್ತೀನಿ. ತಲೆ ತಿಂತಾಳೆ ಅಂತ ದೂರೋ ಹಾಗಿಲ್ಲ ಮತ್ತೆ!"

ಅವನು ಅವಳ ತೋಳಿನ ಅಂಚು ಹಿಡಿದುಕೊಂಡ.