ಕಪ್ಪು ಕೊಂಬಿನ ಮೇಲೆ ಬಿಳಿ ಕಲೆ

ಟಪ್!

ಸದ್ದಿಗೆ ಇಸಳೂರಿನ ಬಿಲ್ಲುಗಾರಿಕೆ ಮೈದಾನದಲ್ಲಿದ್ದವರೆಲ್ಲ ತಿರುಗಿ ನೋಡಿದರು. ವಜ್ರಳ್ಳಿಯ ಹುಡುಗಿ ಭೂಮಿಕಾ ಬಿಲ್ಲು ಕೈಬಿಟ್ಟು ಮುಖ ಮುಚ್ಚಿಕೊಂಡು ಕುಸಿದಿದ್ದಳು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು.

ಆಗಿದ್ದು ಇಷ್ಟು. ಬಿಲ್ಲಿನ ಎರಡೂ ತುದಿಗೆ ಎಮ್ಮೆ ಕೊಂಬಿನ ಪುಟ್ಟ ತುಂಡು ಅಂಟಿಸಿರುತ್ತಾರೆ. ಹೆದೆ ಸಿಕ್ಕಿಕೊಳ್ಳುವುದು ಅದರ ಕಚ್ಚಿಗೆ. ಭೂಮಿಕಾ ಅವತ್ತಿನ ಮೊದಲ ಬಾಣಕ್ಕೆ ಹೆದೆಯನ್ನು ಪೂರ್ತಿ ಎಳೆದದ್ದೇ ತಡ, ಮೇಲಿನ ಕೊಂಬು ಕಳಚಿ ಹಾರಿತು. ಹೆದೆ ಚಾಟಿಯ ಹಾಗೆ ಬಂದು ಕೆನ್ನೆ ಸೀಳಿತು.

"ಕಳಪೆ ಅಂಟು! ಬಿಲ್ಲು ಮಾಡಿದ ನಿಲ್ಕುಂದದ ಆ ಉಲ್ಲಾಸನನ್ನ ಒಳಗೆ ಹಾಕ್ಸಿ!" ಎಂದು ಮೊದಲು ಕೂಗಿದವರು ತರಬೇತುದಾರ ಸುಮಂತ ಹೆಗಡೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ನಮ್ಮಲ್ಲಿ ಬರವೇ? ಮಧ್ಯಾಹ್ನದೊಳಗೆ ಶಿರಸಿ ಪೇಟೆ ತುಂಬ ಅದೇ ಮಾತು. ದೂರು ಬರೆದುಕೊಟ್ಟವರೂ ಸುಮಂತರೇ.

ಪಿಎಸ್‌ಐ ಮಮತಾಗೆ ಗುಲ್ಲು ಕಂಡರಾಗದು. ಬಿಲ್ಲನ್ನೂ ಹುಲ್ಲಿನಲ್ಲಿ ಬಿದ್ದಿದ್ದ ಕೊಂಬನ್ನೂ ಎತ್ತಿ ಚೀಲಕ್ಕೆ ಹಾಕಿ ಜೀಪು ಹತ್ತಿದಳು.

* * *

ಮಮತಾ ಆಸ್ಪತ್ರೆಗೆ ಬಂದಾಗ ಭೂಮಿಕಾ ಎದ್ದು ಕೂತಿದ್ದಳು. ಕಣ್ಣು ಉಳಿದಿತ್ತು. ಗಾಯಕ್ಕೂ ಕಣ್ಣಿಗೂ ನಡುವೆ ಒಂದು ಜೋಳದ ಕಾಳಿನಷ್ಟು ಜಾಗ.

"ಬೆಳಿಗ್ಗೆ ಬಿಲ್ಲು ಎಲ್ಲಿತ್ತು?"

"ಶೆಡ್ಡಲ್ಲಿ, ಪೈಪಿನೊಳಗೆ."

ಬಿಲ್ಲಿಗೆ ತೇವ ತಾಗದಂತೆ ಪಿವಿಸಿ ಪೈಪಿನಲ್ಲಿ ಇಟ್ಟು ಎರಡೂ ಬದಿ ಮುಚ್ಚಳ ಬಿಗಿಯುವುದು ಇಲ್ಲಿಯ ಪದ್ಧತಿ. ಉಲ್ಲಾಸನೇ ಕಲಿಸಿದ್ದು.

"ಮುಚ್ಚಳ ಸರಿ ಇತ್ತಾ?"

"ಬಿಗಿಯಾಗಿತ್ತು ಮೇಡಂ. ತೆಗೆದ ಕೂಡ್ಲೆ ಒಂಥರಾ ಘಾಟು, ಕಣ್ಣುರಿ ಬಂತು. ಕೊಂಬಿನ ಮೇಲೆ ಬೂಷ್ಟು ಬೇರೆ."

"ಬೂಷ್ಟಾ? ಯಾರಿಗೂ ಹೇಳ್ಲಿಲ್ವಾ?"

"ಎಂತ ಹೇಳೂದು? ಮಳೆಗಾಲದಲ್ಲಿ ನಮ್ಮನೇಲಿ ಚಪ್ಪಲಿಗೂ ಬರ್ತದೆ, ದೇವರ ಪಟಕ್ಕೂ ಬರ್ತದೆ." ಹುಡುಗಿ ತಡೆದು ಕೇಳಿದಳು. "ಉಲ್ಲಾಸಣ್ಣನ್ನ ಹಿಡೀತ್ರಾ?"

"ತಪ್ಪು ಮಾಡಿದ್ರೆ ಹಿಡಿಯೋದೇ."

"ಅವ್ರು ಮಾಡಿರೂಕಿಲ್ಲ."

* * *

ನಿಲ್ಕುಂದಕ್ಕೆ ತಲುಪಿದಾಗ ಉಲ್ಲಾಸ ಅಂಗಳದಲ್ಲಿ ನಿಂತಿದ್ದ. ಎದುರಿಗೆ ಅವನು ಮಾಡಿದ ಬಿಲ್ಲುಗಳ ರಾಶಿ. ಕೈಯಲ್ಲಿ ಸೀಮೆಎಣ್ಣೆ ಕ್ಯಾನು.

"ಏಯ್! ಇಡ್ರೀ ಅದನ್ನ ಕೆಳಗೆ!"

"ಇಟ್ಟು ಎಂತ ಮಾಡ್ಲಿ ಮೇಡಂ? ಆ ಹುಡ್ಗಿ ಕಣ್ಣು ಹೋಗಿದ್ರೆ? ಇನ್ನು ನನ್ನ ಬಿಲ್ಲನ್ನ ಯಾರು ಮುಟ್ತ್ರು?" ಅವನ ದನಿ ಒಡೆಯಿತು. ಬೈನೆ ಮರ ಸೀಳಿ, ತಿಂಗಳುಗಟ್ಟಲೆ ಒಣಗಿಸಿ, ಕೆತ್ತಿ ಬಿಲ್ಲು ಮಾಡುವ ಮನುಷ್ಯ. ಅದೊಂದು ಬಿಟ್ಟರೆ ಅವನಿಗೆ ಬೇರೆ ಲೋಕವೇ ಇರಲಿಲ್ಲ. ಮಮತಾಗೆ ಪಾಪ ಅನ್ನಿಸಿತು. ಆದರೂ ಕ್ಯಾನು ಕಸಿದುಕೊಂಡಳು.

"ಕೊಂಬಿಗೆ ಯಾವ ಅಂಟು ಹಾಕ್ತೀರಿ?"

"ಎರಡು ಟ್ಯೂಬಿಂದು, ಕಲಸಿ ಹಚ್ಚೂದು. ಅರಗು ಹಚ್ಚಿ ನೋಡ್ದೆ, ಬಿಲ್ಲಿನ ಪೆಟ್ಟು ತಡೀದೆ ಬಿರಿತು. ಚರ್ಮದ ಅಂಟು ನಮ್ಮ ಮಳೆಗೆ ನೆನೆದು ಬಿಡ್ತು. ಇದು ಒಣಗೂಕೆ ಒಂದು ರಾತ್ರಿ ಬೇಕು, ಆದ್ರೆ ಹಿಡಿದ್ರೆ ಬಿಡೂದಿಲ್ಲ. ಕೊಂಬಿನ ಎಣ್ಣೆ ತೆಗೆದು, ಗೀರು ಹಾಕಿಯೇ ಹಚ್ಚೂದು."

ಮಮತಾ ಕಳಚಿದ ತುಂಡನ್ನು ದೂರದಿಂದಲೇ ತೋರಿಸಿದಳು. ಉಲ್ಲಾಸ ಬಗ್ಗಿ ನೋಡಿದ. ಹುಬ್ಬು ಗಂಟಿಕ್ಕಿತು.

"ಇದು ನನ್ನ ಅಂಟಲ್ಲ! ನಂದು ಹಳದಿ. ಇದು ಗಾಜಿನ ಹಾಗೆ ಉಂಟು. ಕ್ಷಣದಲ್ಲಿ ಹಿಡೀತದಲ್ಲ, ಆ ಸಣ್ಣ ಟ್ಯೂಬಿಂದು. ಬಿಲ್ಲಿನ ಪೆಟ್ಟು ಅದು ತಡಿಯೂದಿಲ್ಲ."

ಮಮತಾ ಕಪಾಟಿನತ್ತ ಕೈ ತೋರಿಸಿದಳು. ಅಲ್ಲಿ ಅದೇ ಸಣ್ಣ ಟ್ಯೂಬು ಕೂತಿತ್ತು.

"ಮತ್ತೆ ಅದೇನು?"

"ಅದು... ಬಾಣಕ್ಕೆ ಗರಿ ಅಂಟಿಸೂಕೆ."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಬೇಡಿ ಹಾಕುತ್ತಿದ್ದರು. ಮಮತಾ ಹಾಕಲಿಲ್ಲ. ಅವಳ ಕಣ್ಣು ಕೊಂಬಿನ ಹೊಳೆಯುವ ಹೊರಮೈ ಮೇಲಿತ್ತು. ಕಪ್ಪಿನ ಮೇಲೆ ಬಿಳಿ ಕಲೆ. ಹತ್ತಿಯಿಂದ ಅದರ ಅಂಚನ್ನು ಮೆಲ್ಲಗೆ ಒರೆಸಿದಳು. ಹೋಗಲಿಲ್ಲ. ಬೂಷ್ಟು ಆಗಿದ್ದರೆ ಒರೆಸಿದ ಕೂಡಲೇ ಹೋಗಬೇಕಿತ್ತು. ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದಳು.

ಬಿಳಿ ಕಲೆಯ ತುಂಬ ಗೆರೆಗಳು! ಸುತ್ತು ಸುತ್ತಿಕೊಂಡ ಗೆರೆಗಳು!

"ಉಲ್ಲಾಸ್, ಕೈ ತೋರ್ಸಿ. ಬೇಗ!"

ಅವನ ಬೆರಳುಗಳು ನುಣ್ಣಗೆ ತೊಳೆದ ತಟ್ಟೆಯಂತಿದ್ದವು. ಒಂದು ಗೆರೆಯೂ ಇಲ್ಲ.

"ಉಜ್ಜು ಕಾಗದದಲ್ಲಿ ತಿಕ್ಕಿ ತಿಕ್ಕಿ ಹಿಂಗೆ ಆಗಿದ್ದು. ರೇಷನ್ ಅಂಗಡಿ ಮಷಿನ್ನೂ ನನ್ನ ಬೆರಳು ತಗಣೂದಿಲ್ಲ. ಹೆಂಡತಿನೇ ಹೋಗ್ಬೇಕು."

ಮಮತಾ ಜೋರಾಗಿ ನಕ್ಕುಬಿಟ್ಟಳು. ಖುಷಿ ತಡೆಯಲಾಗಲಿಲ್ಲ. "ಇನ್ನೊಂದು ಹೇಳಿ. ನಿಮ್ಮ ಗಟ್ಟಿ ಅಂಟನ್ನ ಬಿಡಿಸೋದು ಹೇಗೆ?"

"ಕುದಿಯೋ ನೀರಲ್ಲಿ ಅದ್ದಿಟ್ರೆ ಮೆತ್ತಗಾಗ್ತದೆ. ಮೈದಾನದಲ್ಲಿ ಎಲ್ರಿಗೂ ತೋರ್ಸಿಕೊಟ್ಟಿದ್ದೆ."

"ಜೀಪು ಹತ್ತಿ. ಆ ಬಿಲ್ಲುಗಳನ್ನೂ ತಗೊಳ್ಳಿ. ಒಂದನ್ನೂ ಸುಡೋ ಹಾಗಿಲ್ಲ."

* * *

ಮರುದಿನ ಬೆಳಿಗ್ಗೆ ಎಲ್ಲರೂ ಮೈದಾನದಲ್ಲಿ ಸೇರಿದರು. ಕೆನ್ನೆಗೆ ಪಟ್ಟಿ ಹಾಕಿಕೊಂಡ ಭೂಮಿಕಾಳೂ ಹಟ ಮಾಡಿ ಬಂದಿದ್ದಳು. ಶೆಡ್ಡಿನ ಬೀಗದ ಕೈ ಇದ್ದದ್ದು ಇಬ್ಬರ ಬಳಿ. ಒಂದು ಸುಮಂತರದು. ಇನ್ನೊಂದು ಅವರ ಅಕ್ಕನ ಮಗಳು ಸಂಹಿತಾಳದು. ಸಂಹಿತಾ ಓದಿಗಾಗಿ ಅವರ ಮನೆಯಲ್ಲೇ ಇದ್ದವಳು.

ಭಾನುವಾರ ಯಲ್ಲಾಪುರದಲ್ಲಿ ತಂಡದ ಆಯ್ಕೆ. ಹುಡುಗಿಯರಲ್ಲಿ ಒಬ್ಬಳಿಗೆ ಮಾತ್ರ ಜಾಗ. ಅಭ್ಯಾಸದಲ್ಲಿ ಭೂಮಿಕಾ ಮೊದಲು, ಸಂಹಿತಾ ಎರಡನೆಯವಳು. ಹಾಗಾಗಿ ಎಲ್ಲರ ಕಣ್ಣೂ ಸಂಹಿತಾಳ ಮೇಲೆ. ಅವಳು ತಲೆ ತಗ್ಗಿಸಿ ನಿಂತಿದ್ದಳು.

"ಈ ಬಿಲ್ಲಿನ ಕೊಂಬನ್ನ ಯಾರೋ ಬಿಸಿನೀರಲ್ಲಿ ಅದ್ದಿ ಬಿಡಿಸಿದ್ದಾರೆ," ಮಮತಾ ಶುರು ಮಾಡಿದಳು. "ಆಮೇಲೆ ಬೇಗ ಹಿಡಿಯೋ ಅಂಟಿನಲ್ಲಿ ವಾಪಸ್ ಕೂರಿಸಿದ್ದಾರೆ. ಹಾಗೆ ಮಾಡಿದವರ ಬೆರಳು ಇದರ ಮೇಲೇ ಇದೆ. ಹೆಬ್ಬೆರಳಿಗೆ ಅಡ್ಡವಾಗಿ ಹಳೇ ಗಾಯದ ಗೆರೆಯೂ ಇದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸುಮಂತರ ಬಲಗೈ ತಾನಾಗಿಯೇ ಜೇಬಿಗೆ ಇಳಿಯಿತು.

ಮಮತಾ ಶಾಯಿಯ ಡಬ್ಬಿ ಮುಂದೆ ಹಿಡಿದಳು. ಸಂಹಿತಾ ಒತ್ತಿದಳು. ಗಾಯದ ಗೆರೆ ಇಲ್ಲ.

"ಈಗ ನೀವು, ಸರ್."

ಸುಮಂತ ಒತ್ತಿದರು. ಕಾಗದದ ಮೇಲೆ ಅಡ್ಡಗೆರೆ ಸ್ಪಷ್ಟವಾಗಿ ಮೂಡಿತು. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವಾಗ ಆದ ಹಳೆಯ ಗಾಯ.

"ಅದ್ರಲ್ಲೆಂತ ಉಂಟು? ನಾನು ಕೋಚು. ದಿನಾ ಎಲ್ಲ ಬಿಲ್ಲೂ ಮುಟ್ತೇನೆ," ಎಂದರು ಜೋರಾಗಿ.

"ಹೌದು. ಆದ್ರೆ ಬೇರೆ ಯಾವ ಬಿಲ್ಲಿನ ಮೇಲೂ ನಿಮ್ಮ ಬೆರಳು ಬೆಳ್ಳಗೆ ಕಾಣೋದಿಲ್ಲ." ಮಮತಾ ಹತ್ತಿರ ಬಂದಳು. "ಬೇಗ ಹಿಡಿಯೋ ಅಂಟು ಆವಿ ಬಿಡ್ತದೆ. ಮುಚ್ಚಿದ ಜಾಗದಲ್ಲಿ, ತೇವದ ಗಾಳಿಯಲ್ಲಿ, ಆ ಆವಿ ಬೆರಳಿನ ಗುರುತಿನ ಮೇಲೆ ಬೆಳ್ಳಗೆ ಕೂತು ಗಟ್ಟಿಯಾಗ್ತದೆ. ನಮ್ಮ ಇಲಾಖೆಯವರು ಗುರುತು ಎತ್ತೋದೂ ಹೀಗೇನೇ. ಭೂಮಿಕಾಗೆ ಕಣ್ಣುರಿ ಬಂದಿದ್ದು ಅದೇ ಆವಿಗೆ. ಮೊದಲು ಮುಟ್ಟಿದವರ ಗುರುತೆಲ್ಲ ಬಿಸಿನೀರಲ್ಲಿ ತೊಳೆದು ಹೋಗಿತ್ತು. ಉಳಿದಿದ್ದು ಕೊಂಬನ್ನ ಒತ್ತಿ ಹಿಡಿದು ಅಂಟಿಸಿದವರದು ಮಾತ್ರ. ನೀವು ಶಿಸ್ತಿನವರು ಸರ್. ಕಳ್ಳ ಕೆಲಸ ಮಾಡಿದ ಮೇಲೂ ಎರಡೂ ಮುಚ್ಚಳ ಬಿಗಿದ್ರಿ. ಪೈಪು ತೆರೆದಿಟ್ಟಿದ್ರೆ ಆವಿಯೆಲ್ಲ ಗಾಳಿಗೆ ಹೋಗ್ತಿತ್ತು, ನೀವೂ ಬಚಾವಾಗ್ತಿದ್ರಿ."

"ಬರೀ ಕಟ್ಟುಕತೆ! ಬಿಸಿನೀರಂತೆ! ಯಾರು ನೋಡಿದ್ದಾರೆ?"

"ಆನು ನೋಡಿದ್ದಿ, ಮಾವ."

ನಾನು ನೋಡಿದ್ದೇನೆ ಎಂದು ಮನೆಮಾತಿನಲ್ಲಿ ಹೇಳಿದವಳು ಸಂಹಿತಾ. ಎಲ್ಲರೂ ಅತ್ತ ತಿರುಗಿದರು.

"ಮೊನ್ನೆ ಸಂಜೆ ನೀ ಒಂದು ಬಿಲ್ಲು ಹಿಡ್ಕಂಡು ಬಚ್ಚಲಿಗೆ ಹೋಗಿದ್ದೆ. ಹಂಡೆ ಕುದೀತಾ ಇತ್ತು. ಎಣ್ಣೆ ಹಚ್ಚಲೆ ಅಂದ್ಕಂಡಿದ್ದಿ." ಅವಳು ಅಳುತ್ತಿದ್ದಳು. "ಎಂತಕ್ಕೆ ಹೀಂಗೆ ಮಾಡ್ದೆ? ಯಂಗೆ ಈ ಜಾಗ ಬೇಡ. ಯಾವತ್ತೂ ಬೇಡ."

ಸುಮಂತರಿಗೆ ಆಗ ಮುಖ ಎತ್ತಲಾಗಲಿಲ್ಲ. "ಹೆದೆ ಏರಿಸುವಾಗಲೇ ಕಳಚ್ತದೆ ಅಂದ್ಕೊಂಡಿದ್ದೆ," ಎಂದು ಗೊಣಗಿದರು. "ಬಿಲ್ಲು ಹಾಳಾದ್ರೆ ಭಾನುವಾರಕ್ಕೆ ಇನ್ನೊಂದು ಪಳಗಿಸೂಕೆ ಅವಳಿಗೆ ಆಗೂದಿಲ್ಲ ಅಂತ. ಗಾಯ ಆಗ್ಲಿ ಅಂತಲ್ಲ..."

"ಆಮೇಲೆ ತಪ್ಪನ್ನ ಬಡಪಾಯಿ ತಲೆಗೆ ಕಟ್ಟಿದ್ರಿ. ನಡೀರಿ," ಎಂದಳು ಮಮತಾ.

* * *

ಜೀಪು ಹೊರಡುವ ಮೊದಲು ಭೂಮಿಕಾ ಅದರ ಹಿಂಬದಿಯಿಂದ ಉಲ್ಲಾಸ ತಂದಿದ್ದ ಬಿಲ್ಲೊಂದನ್ನು ಎಳೆದುಕೊಂಡಳು.

"ಬೇಡ ತಂಗಿ," ಉಲ್ಲಾಸ ಹೆದರಿ ಮುಂದೆ ಬಂದ. "ಗಾಯ ಮಾಗಲಿ. ನನ್ನ ಬಿಲ್ಲೇ ಆಗ್ಬೇಕು ಅಂತಿಲ್ಲ. ಬೇರೆ ಯಾರದ್ದಾದ್ರೂ..."

"ಭಾನುವಾರಕ್ಕೆ ನಂಗೆ ನಿಮ್ದೇ ಬೇಕು. ಒಂದೇ ಬಾಣ, ಅಣ್ಣ. ಪಕ್ಕ ನಿಲ್ಲಿ."

ಅವಳು ಹೆದೆ ಏರಿಸಿದಳು. ಬಾಣ ಹೂಡಿದಳು. ಎಳೆದಳು. ಹೆದೆ ಹಿಂದೆ ಹಿಂದೆ ಬಂದು ಕೆನ್ನೆಯ ಬಿಳಿ ಪಟ್ಟಿಗೆ ತಾಗಿ ನಿಂತಿತು. ಅವಳ ಕೈ ಸ್ವಲ್ಪವೂ ಅಲುಗಲಿಲ್ಲ. ಉಲ್ಲಾಸನೇ ನೋಡಲಾರದೆ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

ಬಾಣ ಹೋದ ಸದ್ದು ಕೇಳಿತು. ಯಾರೋ ಚಪ್ಪಾಳೆ ತಟ್ಟಿದರು. ಆದರೂ ಅವನು ಕಣ್ಣು ತೆರೆಯಲಿಲ್ಲ.

ಭೂಮಿಕಾ ಬಿಲ್ಲನ್ನು ಅವನ ಕೈಗಿಟ್ಟಳು.

"ಕಣ್ಣು ಬಿಡಿ ಉಲ್ಲಾಸಣ್ಣ. ನಾನೇ ಮುಚ್ಲಿಲ್ಲ, ನೀವ್ಯಾಕೆ ಮುಚ್ತ್ರಿ?"